ಮೂವತ್ತಕ್ಕೆ ಮೂವತ್ತು

ಪಾರ್ಸನ್ಸ್ ಫೆರಿ, ಟೆನೆಸಿ
ಸೆಪ್ಟೆಂಬರ್ ೨೮

ನನ್ನ ಮುದ್ದು ಕೊರಿನ್,

ನಿನ್ನ ಎರಡು ಕಾಗದಗಳೂ ಬಂದು ಅಡುಗೆಮನೆ ಕಿಟಕಿಯಲ್ಲಿ ಕೂತು ಎಷ್ಟೋ ದಿನವಾಯಿತು. ಉತ್ತರ ಬರೆಯದ ಅಪ್ಪನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಅದು ನ್ಯಾಯವೇ. ಏನು ಮಾಡಲಿ ಮಗಳೇ, ಒಂದು ಸಾಲು ಬರೆದರೂ ಅದರಲ್ಲಿ ಎಮಿಲ್‌ನ ಸುದ್ದಿ ಇಣುಕಿಬಿಡುತ್ತಿತ್ತು. ಪಟ್ಟಿ ಹೊರಬೀಳುವ ಮೊದಲು ಬಾಯಿ ಬಿಟ್ಟರೆ ನನ್ನ ಕೆಲಸಕ್ಕೇ ಸಂಚಕಾರ. ಅಮ್ಮ ಚೆನ್ನಾಗಿದ್ದಾಳೆ. ಈ ವರ್ಷ ಟೊಮ್ಯಾಟೊ ಎಷ್ಟು ಬಿಟ್ಟಿದೆಯೆಂದರೆ, ಅವಳು ಬುಟ್ಟಿ ಹಿಡಿದು ಬೀದಿಗಿಳಿದರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಾರೆ.

ಪಟ್ಟಿ ಇವತ್ತು ಬೆಳಿಗ್ಗೆ ಹೊರಬಿತ್ತು. ನಮ್ಮ ಬೇಸ್‌ಬಾಲ್ ಕ್ಲಬ್ಬಿಗಾಗಿ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಆಡುವ ಅಷ್ಟೂ ಹುಡುಗರಲ್ಲಿ, ಮುಂದೆ ಮೇಜರ್ ಲೀಗ್ ಮೆಟ್ಟಿಲು ಹತ್ತಬಲ್ಲವರೆಂದು ಆಟ ನೋಡಿ ಅಳೆಯುವ ನಾವು ಆರಿಸಿದ ಮೂವತ್ತು ಹೆಸರು. ನಿನ್ನ ಎಮಿಲ್ ಅದರಲ್ಲಿದ್ದಾನೆ! ಮೂವತ್ತನೆಯವನು, ಕಟ್ಟಕಡೆಯವನು, ಆದರೂ ಇದ್ದಾನೆ. ಹೆಸರಿಲ್ಲದಿದ್ದರೆ ಆಟಕ್ಕೆ ಕೈಮುಗಿದು ಲೂಯಿಸಿಯಾನಾಕ್ಕೆ ಹೋಗಿ ಚಿಕ್ಕಪ್ಪನ ಸೀಗಡಿ ದೋಣಿ ಹತ್ತುತ್ತೇನೆ ಎಂದು ನಿನ್ನ ಹತ್ತಿರ ಹೇಳಿದ್ದನಲ್ಲ, ಆ ದೋಣಿ ಅವನಿಲ್ಲದೆಯೇ ಹೋಗಲಿ ಬಿಡು. ಇದನ್ನೆಲ್ಲ ಅವನು ಫೋನಿನಲ್ಲಿ ಕಿರುಚಿ ಹೇಳಿರುತ್ತಾನೆ. ಆದರೆ ಅವನ ತಾಯಿಯ ಪ್ರಸಂಗವನ್ನು ಖಂಡಿತ ಹೇಳಿರಲಾರ. ಅದನ್ನು ನನ್ನ ಬಾಯಿಂದಲೇ ಕೇಳಬೇಕು.

ಕಳೆದ ತಿಂಗಳು ಓಡೀಲ್ ಅವರು ಮಗನ ಆಟ ನೋಡಲು ಬಂದಿದ್ದರು. ನಾಲ್ಕನೇ ತರಗತಿಗೆ ಪಾಠ ಹೇಳುವವರು ಎಂದು ನೀನೇ ಬರೆದಿದ್ದೆ, ನಾನೇ ಮರೆತಿದ್ದೆ. ಐಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತರು. ಕ್ರೀಡಾಂಗಣದ ಅಡುಗೆಯವನ ಹತ್ತಿರ ಬಿಸಿ ಮಾಡಿಸಿ, ಅದರಲ್ಲಿ ತಂದಿದ್ದ, ಅನ್ನ ಮತ್ತು ಹಂದಿಮಾಂಸ ತುಂಬಿದ ಬೂಡಾನ್ ಸಾಸೇಜ್ ನನ್ನ ತಟ್ಟೆಗೆ ಹಾಕಿದರು. ಆಹಾ, ಅದರ ರುಚಿ ಏನು ಹೇಳಲಿ! ನಾನು ಬಾಯಿತುಂಬ ಹಾಕಿಕೊಂಡದ್ದೇ ತಡ, ಪ್ರಶ್ನೆ ಬಂತು.

“ಹುಡುಗರಿಗೆ ಮಾರ್ಕ್ಸ್ ಹಾಕೋರು ನೀವೇ ತಾನೇ? ನಮ್ಮ ಎಮಿಲ್‌ಗೆ ಎಷ್ಟು ಹಾಕಿದ್ದೀರಿ? ಮುಚ್ಚುಮರೆ ಬೇಡ, ಹೇಳಿಬಿಡಿ.”

ಹೊರಗಿನವರಿಗೆ ಹೇಳಬಾರದು. ಆದರೆ ನಾಳೆ ಬೀಗಿತ್ತಿಯಾಗುವವರು, ಮೇಲಾಗಿ ಅವರ ಉಪ್ಪು ನನ್ನ ಬಾಯಲ್ಲಿದೆ. “ಚೆಂಡು ಹಿಡಿಯೋದಕ್ಕೆ ಐವತ್ತೈದು!” ಎಂದೆ, ಎದೆಯುಬ್ಬಿಸಿ.

“ಐವತ್ತೈದಾ? ನಮ್ಮ ಶಾಲೇಲಿ ಐವತ್ತೈದು ತಗೊಂಡ್ರೆ ಮನೆಯವರನ್ನ ಕರೆಸ್ತೀವಿ. ನನ್ನ ಮಗ ಫೇಲಾ?”

“ಹಂಗಲ್ಲಮ್ಮ, ನಮ್ಮಲ್ಲಿ ಇಪ್ಪತ್ತರಿಂದ ಶುರು, ಎಂಬತ್ತಕ್ಕೆ ಮುಗೀತು. ಐವತ್ತು ಅಂದ್ರೇನೇ ಮೇಜರ್ ಲೀಗ್‌ನಲ್ಲಿ ದಿನಾ ಆಡೋನ ಮಟ್ಟ.”

“ಸೊನ್ನೆ ಎಲ್ಲಿ ಹೋಯ್ತು? ನೂರು ಎಲ್ಲಿ ಹೋಯ್ತು? ಯಾವ ಮೇಷ್ಟ್ರು ರೀ ನಿಮಗೆ ಲೆಕ್ಕ ಕಲಿಸಿದ್ದು? ಇರಲಿ, ಬ್ಯಾಟಿಗೆಷ್ಟು?”

ಸುಮ್ಮನಿದ್ದರೆ ಉಳಿಯುತ್ತಿದ್ದೆ. “ನಲವತ್ತು” ಎಂದುಬಿಟ್ಟೆ. ತಟ್ಟೆ ನನ್ನ ಕೈಯಿಂದ ಹೋಯಿತು. ಉಳಿದ ಆಟವಿಡೀ ಅವರು ನನ್ನ ಕಡೆ ತಿರುಗಲಿಲ್ಲ, ಮೂಗಿಗೆ ವಾಸನೆ ಮಾತ್ರ ಬರುತ್ತಿತ್ತು. ಮನೆಗೆ ಬಂದು ಹೇಳಿದರೆ ನಿನ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಸಂಜೆ ಎಮಿಲ್ ತಾಯಿಗೆ ಅದೇನು ತಿಳಿಸಿ ಹೇಳಿದನೋ, ಮರುದಿನ ಬಂದವರೇ, “ಅರ್ಥ ಆಯ್ತು ಬಿಡಿ. ನಿಮ್ಮ ಟೋಪಿಗೆ ಇಪ್ಪತ್ತು, ಮಾತಿಗೆ ಮೂವತ್ತು. ಹೊಟ್ಟೆಗೆ ಮಾತ್ರ ಎಂಬತ್ತು,” ಎಂದು ಎರಡರಷ್ಟು ಬಡಿಸಿದರು.

ಇನ್ನು ಪಟ್ಟಿಯ ಸಭೆ. ಜಗಳವಾಡಿಕೊಂಡೇ ಆದರೂ ಇಪ್ಪತ್ತೊಂಬತ್ತು ಹೆಸರು ಕೂರಿಸಿದೆವು. ಕೊನೆಯದಕ್ಕೆ ಇಬ್ಬರು ಉಳಿದರು, ನಿನ್ನ ಎಮಿಲ್ ಮತ್ತು ಚೆಂಡೆಸೆಯುವ ಒಬ್ಬ ಉದ್ದನೆಯ ಎಡಗೈ ಹುಡುಗ. ನಮ್ಮ ಮುಖ್ಯಸ್ಥ ಹಾಲಿಸ್ ನಿನಗೆ ಗೊತ್ತಲ್ಲ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದವನು. “ವೆಂಡೆಲ್, ಎದ್ದು ಆಚೆ ನಡಿ. ಅಳಿಯನ ಮಾತು ಬಂದಾಗ ಮಾವ ಕೂತಿರಬಾರದು,” ಎಂದ.

“ಇನ್ನೂ ಅಳಿಯ ಆಗಿಲ್ಲ ಕಣೋ.”

“ಆಗ್ತಾನೆ. ಮದುವೆ ಊಟಕ್ಕೆ ಕರೆಯೋದು ಮರೀಬೇಡ. ನಡಿ, ನಡಿ.”

ಹೊರಗೆ ತಂಪು ಪಾನೀಯದ ಯಂತ್ರಕ್ಕೆ ಒರಗಿ ನಿಂತೆ. ಒಳಗೆ ಮೇಜು ಕುಟ್ಟುವ ಸದ್ದು. ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಕಡೆಗೆ ನನ್ನನ್ನೂ ಕರೆದು ಅಭಿಪ್ರಾಯ ಕೇಳಿದರು, ಹೇಳಿ ಹೊರಬಂದೆ. ಆಮೇಲೆ ಹಾಲಿಸ್ ಬಾಗಿಲಲ್ಲಿ ತಲೆ ಹಾಕಿ, “ನಿನ್ನ ಹುಡುಗನೇ ಕಣೋ, ಮೂವತ್ತನೆಯವನು,” ಎಂದ.

ಇವತ್ತಿನ ಬೆಳಿಗ್ಗೆ ನೀನಿರಬೇಕಿತ್ತು! ಓಡೀಲ್ ಅವರು ನಿನ್ನೆಯೇ ಬಂದಿದ್ದರು. ಎಮಿಲ್ ನಮ್ಮ ಜಗಲಿಯಲ್ಲಿ ನಿಂತು ಫೋನ್ ನೋಡಿ, “ಮೂವತ್ತು! ಮೂವತ್ತು!” ಎಂದು ಕೂಗಿದ. ಅವರು ಕಾಫಿ ಲೋಟ ಬಿಟ್ಟು ಎದ್ದು, “ಮೂವತ್ತಕ್ಕೆ ಮೂವತ್ತಾ? ಪೂರ್ತಿ ಮಾರ್ಕ್ಸು! ನಾನು ಹೇಳಿರಲಿಲ್ವಾ?” ಎಂದು ನಿನ್ನಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟರು. ನಾನು ತಿದ್ದಲು ಬಾಯಿ ತೆರೆದೆ. “ತೆಪ್ಪಗಿರ್ತೀರಾ?” ಎಂದು ನಿನ್ನಮ್ಮ ಪಿಸುಗುಟ್ಟಿದಳು. ಅಷ್ಟರಲ್ಲಿ ಅವರು ಊರಿಗೆ ಫೋನು ಹಚ್ಚಿ ಆಗಿತ್ತು. ಈಗ ಅವರ ಊರಿನವರಿಗೆಲ್ಲ ಎಮಿಲ್ ತರಗತಿಗೇ ಮೊದಲಿಗ. ನೀನೂ ತಿದ್ದಲು ಹೋಗಬೇಡ.

ಮದುವೆಯ ದಿನ ನೀವಿಬ್ಬರೇ ಕೂತು ಗೊತ್ತು ಮಾಡಿ. ಆಟವಿಲ್ಲದ ತಿಂಗಳಾಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮದುಮಗನೂ ಬರಲಾರ, ಮಾವನೂ ಬರಲಾರ. ದೇವರು ನಿನ್ನನ್ನು ನಗುನಗುತ್ತ ಇಟ್ಟಿರಲಿ ಮಗಳೇ. ನಿಮ್ಮಿಬ್ಬರ ಮನೆಯಲ್ಲಿ ಊಟದ ಮೇಜು ಸದಾ ತುಂಬಿರಲಿ.

ನಿನ್ನನ್ನು ನೆನೆಯುತ್ತಲೇ ಇರುವ ಅಪ್ಪ,
ವೆಂಡೆಲ್ ಹ್ಯಾಸ್ಕಿನ್ಸ್

ತಾ.ಕ.: ಸಭೆಯ ಒಂದು ಮಾತು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಮರೆತಿರಲಿಲ್ಲ. ಹಾಲಿಸ್ ಒಳಗೆ ಕರೆದು ಕೇಳಿದಾಗ ನಾನು ಹೇಳಿದ್ದು ಎಡಗೈ ಹುಡುಗನ ಹೆಸರು. “ಎಮಿಲ್ ಕೈ ನೋಡಿ ವರ್ಷವೆಲ್ಲ ಕುಣಿದೋನು ನೀನೇ,” ಎಂದ ಹಾಲಿಸ್. “ಇವತ್ತು ಮಾತಾಡ್ತಿರೋದು ನಿನ್ನ ಕಣ್ಣಲ್ಲ, ಹೆಣ್ಣು ಹೆತ್ತವನ ಭಯ. ಆ ಓಟು ನಂಗೆ ಬೇಡ.” ಅವನು ಹೇಳಿದ್ದು ನಿಜ ಕೊರಿನ್. ಸೀಗಡಿ ದೋಣಿ ತಡವಾದರೂ ತನ್ನ ದಡಕ್ಕೇ ಬರುತ್ತದೆ. ಆಟಗಾರರ ಬಸ್ಸು ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತಲೇ ಇರುತ್ತದೆ. ಬೇಸಿಗೆಯುದ್ದಕ್ಕೂ ನೀನು ಒಬ್ಬಳೇ ಕೂತು ಉಣ್ಣುವುದು ನನಗೆ ಬೇಡವಾಗಿತ್ತು.

ಇದನ್ನು ಎಮಿಲ್‌ಗೆ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಇಷ್ಟು ದಿನ ಸರ್, ಸರ್ ಎನ್ನುತ್ತಿದ್ದ ಹುಡುಗ ಇವತ್ತು ಬೆಳಿಗ್ಗೆ ನನ್ನನ್ನು ಅನಾಮತ್ತಾಗಿ ಎತ್ತಿ ತಬ್ಬಿಕೊಂಡು, “ನನ್ನ ಪರವಾಗಿ ನಿಂತ್ರಿ, ಮಾವ,” ಎಂದ. ನಾನು ಇಲ್ಲ ಎನ್ನಲಿಲ್ಲ.