ಭಾವನ ಸ್ಲೈಡ್

ಹಾಸ್ಟೆಲ್, ಮೂರನೇ ಮಹಡಿ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಸಾರಿ. ಮನೆಯಲ್ಲಿ ನಿನ್ನ ಹೊಸ ಅಡ್ರೆಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಕೊನೆಗೆ ನಿನ್ನ ಟೈಲರಿಂಗ್ ಫ್ರೆಂಡ್ ಕೊಟ್ಟಳು. ತಪ್ಪುಗಳನ್ನು ಎಣಿಸಬೇಡ ಮತ್ತೆ. ಒಂದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳ ಕನ್ನಡ ಇಷ್ಟೇ.

ಲ್ಯಾಬ್ ಅಂದರೆ ನನಗೆ ಇನ್ನೂ ಟೆನ್ಷನ್. ಪಿಪೆಟ್ ಹಿಡಿದರೆ ಅರ್ಧ ಹನಿ ಟ್ಯೂಬಿನ ಹೊರಗೇ ಬೀಳುತ್ತೆ. "ಸ್ಯಾಂಪಲ್ ಹಾಕ್ತಿದ್ದೀಯೇನಮ್ಮಾ, ಗಿಡಕ್ಕೆ ನೀರು ಚಿಮುಕಿಸ್ತಿದ್ದೀಯಾ?" ಅಂತ ಮೇಡಂ ಕೇಳಿದರು, ಇಡೀ ಬ್ಯಾಚ್ ನಕ್ಕಿತು. ನೀನೂ ನಗು, ಪರವಾಗಿಲ್ಲ.

ಆದರೆ ಅಕ್ಕಾ, ಮೊನ್ನೆ ಅದೇ ಮೇಡಂ ಪಾಠ ಮಾಡಿದ್ದು ನಿನಗೆ ಬಂದಿದ್ದ ಆ ಸೋಂಕಿನ ಬಗ್ಗೆ. ಟ್ರೈಕೊಮೊನಾಸ್, ದೇಹಸಂಬಂಧದಿಂದ ಹರಡುವ ಆ ರೋಗಾಣು. ಬೋರ್ಡ್ ಮೇಲೆ ಹೆಸರು ನೋಡಿದ ತಕ್ಷಣ ಕಿವಿ ಬಿಸಿಯಾಯಿತು. ಒಂದೇ ಗುಂಪಿನ ಗಂಡಸರ ಮೂತ್ರವನ್ನು ಮೂರು ಥರ ಟೆಸ್ಟ್ ಮಾಡಿದ್ದರಂತೆ. ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಿಕ್ಕಿದ್ದು ಒಬ್ಬನಲ್ಲಿ. ಟ್ಯೂಬಿನಲ್ಲಿ ಆಹಾರ ಕೊಟ್ಟು ಬೆಳೆಸಿದಾಗ ನಾಲ್ವರಲ್ಲಿ. ಡಿಎನ್ಎ ಟೆಸ್ಟ್‌ನಲ್ಲಿ ಹನ್ನೊಂದು ಜನರಲ್ಲಿ! "ಗಂಡಸರಲ್ಲಿ ಇದು ತೀರಾ ಕಡಿಮೆ ಇರುತ್ತೆ. ಸ್ಲೈಡ್ ಮೇಲೆ ಅದು ಓಡಾಡಿದರೇನೇ ಗುರುತು ಸಿಗೋದು. ಸ್ಯಾಂಪಲ್ ತಣ್ಣಗಾಯ್ತೋ, ಬಿಳಿ ರಕ್ತಕಣದ ಥರ ಸುಮ್ಮನೆ ಬಿದ್ದಿರುತ್ತೆ. ಬರೀ ಸ್ಲೈಡ್ ನೋಡಿ ಯಾವ ಗಂಡಸಿಗೂ ಸರ್ಟಿಫಿಕೇಟ್ ಕೊಡಬೇಡಿ" ಅಂದರು.

ಭಾವನಿಗೆ ಮಾಡಿದ್ದು ಅದೇ ಸ್ಲೈಡ್ ತಾನೇ? ನೀನೇ ಹೇಳಿದ್ದೆ, ಬೆಳಿಗ್ಗೆ ಬಾಟಲಿಗೆ ಹಿಡಿದು ಆಫೀಸ್ ಬ್ಯಾಗಿನಲ್ಲಿಟ್ಟುಕೊಂಡು ಹೋದವರು ಲ್ಯಾಬಿಗೆ ಕೊಟ್ಟದ್ದು ಮಧ್ಯಾಹ್ನ ಅಂತ. "ಕಂಡುಬಂದಿಲ್ಲ" ಅಂತ ರಿಪೋರ್ಟ್ ಬಂತು. "ಗಂಡನಿಗಿಲ್ಲದ್ದು ಹೆಂಡತಿಗೆ ಎಲ್ಲಿಂದ ಬಂತು?" ಅಂತ ನಿನ್ನತ್ತೆ ಕೇಳಿದರು. ಸೂಟ್‌ಕೇಸ್ ಹಿಡಿದು ಬಂದ ನಿನಗೆ ಅಪ್ಪ ಬಾಗಿಲಲ್ಲೇ ನಿಂತು "ಇಲ್ಲಿಗೂ ಬೇಡ" ಅಂದರು.

ಯಾರೋ ಪರಿಚಯದವರ ಕಥೆ ಅಂತ ಸುಳ್ಳು ಹೇಳಿ, ಈಗ ಡಿಎನ್ಎ ಟೆಸ್ಟ್ ಮಾಡಿಸಿದರೆ ಆಗಲ್ವಾ ಅಂತ ಮೇಡಂನ ಕೇಳಿದೆ.

"ಆ ಗಂಡಸಿಗೆ ಮಾತ್ರೆ ಕೊಟ್ಟಿದ್ರಾ?"

"ಡಾಕ್ಟರ್ ಇಬ್ಬರಿಗೂ ಕೊಟ್ಟಿದ್ರು ಮೇಡಂ."

"ಹಾಗಾದರೆ ಮುಗೀತಲ್ಲಮ್ಮಾ. ಹುಡುಕೋಕೆ ಈಗ ಏನೂ ಉಳಿದಿರಲ್ಲ."

ಆದರೂ ಮನೆಗೆ ಫೋನ್ ಮಾಡಿದೆ. ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಪ್ರಯೋಜನ ಆಗಲಿಲ್ಲ.

ಹೊಲಿಗೆ ಮಿಷನ್ ಮುಂದೆ ಕೂತು ಬೆನ್ನು ಹಾಳು ಮಾಡಿಕೋಬೇಡ. ಊಟ ಬಿಡಬೇಡ. ಆಶೀರ್ವಾದ ಮಾಡೋಕೆ ನಾನು ಚಿಕ್ಕವಳು, ನಿನಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳುತ್ತೇನೆ ಅಷ್ಟೇ.

ನಿನ್ನ
ಇಲಿಮರಿ

ಪಿ.ಎಸ್: ಅಮ್ಮ ಹೇಳಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ, ಅವರಿಗೆ ಎಂದಾದರೂ ನಿಜ ಗೊತ್ತಾಗುತ್ತೆ ಅಂತ ನೀನು ಕಾಯುತ್ತಲೇ ಇರುತ್ತೀಯ. "ಸ್ಲೈಡಂತೆ, ಡಿಎನ್ಎ ಅಂತೆ! ನನ್ನ ಮಗಳು ಎಂಥವಳು ಅಂತ ನನಗೆ ಗೊತ್ತಿಲ್ವೇನೇ? ಅವಳು ತಪ್ಪು ಮಾಡಿಲ್ಲ ಅಂತ ನಿಮ್ಮಪ್ಪನಿಗೂ ಮೊದಲ ದಿನದಿಂದ ಗೊತ್ತು. ಅವಳನ್ನ ಮನೇಲಿ ಇಟ್ಟುಕೊಂಡರೆ ನಾಳೆ ನಿನ್ನನ್ನ ಯಾರು ಮದುವೆ ಆಗ್ತಾರೆ?" ಅಕ್ಕಾ, ಬಾಗಿಲು ಹಾಕಿರುವುದು ನನಗೋಸ್ಕರವಂತೆ. ನನಗೆ ಮದುವೆಯೇ ಬೇಡ ಅಂದೆ. "ಎಲ್ಲ ಹುಡುಗಿಯರೂ ಮೊದಮೊದಲು ಹಾಗೇ ಅನ್ನೋದು" ಅಂತ ಅಮ್ಮ ಫೋನ್ ಇಟ್ಟಳು.