ಬಿಚ್ಚದ ಮಡಿಕೆ

ಎನ್.ಆರ್. ಕಾಲೋನಿ, ಬೆಂಗಳೂರು

ಚಿ. ಅಭಿರಾಮನಿಗೆ ಆಶೀರ್ವಾದಗಳು.

ನಮ್ಮ ಟ್ರಸ್ಟ್ ಓದಿಸುತ್ತಿದ್ದ ಹುಡುಗಿ ಚಿಕೊಂಡಿಗೆ ಹದಿಮೂರಕ್ಕೇ ಮದುವೆ ಮಾಡಿಬಿಟ್ಟರು ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಫೋನ್ ಇಟ್ಟುಬಿಟ್ಟೆ, ತಪ್ಪು ತಿಳಿಯಬೇಡ.

ಮಲಾವಿಯಿಂದ ನೀನು ಕಳಿಸಿದ ಅವಳ ಸ್ಕೂಲ್ ಲಂಗ ತಲುಪಿತು. ಟ್ರಸ್ಟಿನದು ಟ್ರಸ್ಟಿಗೇ ಸೇರಲಿ ಎಂದು ಅವಳ ತಾಯಿ ಒಗೆದು ಕೊಟ್ಟರಂತೆ. ನಮ್ಮ ಮಕ್ಕಳಿಗೆ ಹೊಲಿಯುವ ಹಾಗೇ, ಬೆಳೆದಂತೆ ಬಿಚ್ಚಲಿ ಎಂದು ಒಳಗೆ ಎರಡು ಮಡಿಕೆ ಇಟ್ಟಿದ್ದೆ. ಎರಡೂ ಹಾಗೇ ಇವೆ.

"ಬೇರೆ ಹುಡುಗಿಗೆ ಕೊಡೋಣ್ವಾ ಅತ್ತೆ?" ಎಂದೆಯಲ್ಲ, ಬೇಡ. ಆ ಹುಡುಗಿಗೆ ಬೇರೆ ಹೊಲಿಯುತ್ತೇನೆ. ಇದನ್ನು ವಾಪಸ್ ಕಳಿಸುತ್ತಿದ್ದೇನೆ, ಚಿಕೊಂಡಿಗೇ ತಲುಪಿಸು. ಗಂಡನ ಮನೆಯವರು ಎಂದಾದರೂ ಶಾಲೆಗೆ ಕಳಿಸಿದರೆ ಮಡಿಕೆ ಬಿಚ್ಚಿಕೊಳ್ಳಲಿ.

ಕಳಿಸದಿದ್ದರೆ ಬಿಚ್ಚದೆ ಎತ್ತಿಟ್ಟುಕೊಳ್ಳಲಿ. ಮಗಳು ಹುಟ್ಟಿದರೆ ಬೇಕಾಗುತ್ತದೆ.

ನಿನ್ನ ಅತ್ತೆ,
ಗೋದಾ