ಎಲ್ಲರ ಕೊನೆಗೆ ಬಂದವಳು

೯ ಮಾರ್ಚ್

ಪ್ರೀತಿಯ ಗುಬ್ಬಿ,

ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸು, ಆಮೇಲೆ ಓದು. ನಿನ್ನ ಎರಡೂ ಪತ್ರಗಳು ಹಲ್ಲಿನ ಸೆಟ್ಟು ಮಾಡುವ ನನ್ನ ಮೇಜಿನ ಮೇಲೆ ಯಾರದೋ ಮೇಲ್ದವಡೆ, ಯಾರದೋ ಕೆಳದವಡೆಗಳ ನಡುವೆ ಸಿಕ್ಕಿಕೊಂಡು ಪ್ಲಾಸ್ಟರ್ ಪುಡಿ ಮೆತ್ತಿಕೊಂಡಿದ್ದವು. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದುಕೊಂಡೇ ದಿನ ದೂಡಿದೆ. ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ ಎಂದು ಗೊತ್ತು. ನಿನ್ನ ಮೊಣಕೈ ನೋವು ಹೇಗಿದೆ? ನಿನ್ನ ಯಜಮಾನರ ಗೊರಕೆ ಕಡಿಮೆಯಾಯಿತೇ?

ಈಗ ಸುದ್ದಿ ಕೇಳು. ನಿನ್ನ ಅಕ್ಕ ಹದಿಮೂರು ವರ್ಷದ ಮೇಲೆ ಮತ್ತೆ ಟ್ರಯಾಥ್ಲಾನ್‌ಗೆ ಇಳಿದಳು. ಮೊದಲು ಕೆರೆಯಲ್ಲಿ ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ಮೂರನ್ನೂ ಮುಗಿಸಿದಳು. ಜೀವಸಹಿತ ಇದ್ದಾಳೆ. ಮೆಟ್ಟಿಲು ಇಳಿಯುವಾಗ ಮಾತ್ರ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಾಳೆ.

ಯಾಕೆ ಈ ವಯಸ್ಸಿನಲ್ಲಿ ಎಂದು ನೀನು ಕೇಳುವುದಕ್ಕೆ ಮುಂಚೆ ನಾನೇ ಹೇಳುತ್ತೇನೆ. ನಿನ್ನ ಭಾವನ ಮರೆವು ನಿನಗೆ ಗೊತ್ತಿರುವುದೇ. ಈ ಚಳಿಗಾಲದಿಂದ ನನ್ನನ್ನು 'ಮೇಡಂ' ಎನ್ನುತ್ತಿದ್ದಾರೆ. ಬಹಳ ಮರ್ಯಾದೆ ಕೊಡುತ್ತಾರೆ. ಮದುವೆಯಾದ ಹೊಸದರಲ್ಲಿ ಇದರಲ್ಲಿ ಅರ್ಧ ಕೊಟ್ಟಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಆದರೆ ನನ್ನ ಹಳೆಯ ರೇಸ್‌ಗಳು ಒಂದೂ ಮರೆತಿಲ್ಲ. ಯಾವ ಊರಿನಲ್ಲಿ ಗಾಳಿ ಎದುರಾಯಿತು, ಎಲ್ಲಿ ಟೈರು ಕೈಕೊಟ್ಟಿತು, ಯಾರನ್ನು ಕೊನೆಯ ತಿರುವಿನಲ್ಲಿ ಹಿಂದೆ ಹಾಕಿದೆ, ಎಲ್ಲವನ್ನೂ ನನಗೇ ಕೂರಿಸಿಕೊಂಡು ಹೇಳುತ್ತಾರೆ: "ನನ್ನ ಹೆಂಡತಿ ಅಂದ್ರೆ ಸಾಮಾನ್ಯದವಳಲ್ಲ ಮೇಡಂ." ಆಗೆಲ್ಲ ಅವರು ಪ್ರತಿ ರೇಸಿನಲ್ಲೂ ಮುಕ್ತಾಯದ ಗೆರೆಯ ಹತ್ತಿರ ನಿಂತು ಕಾಯುತ್ತಿದ್ದರಲ್ಲ. ನಾನು ಹಾಗೆಯೇ ಓಡಿಬಂದರೆ ನನ್ನ ಗುರುತು ಸಿಕ್ಕಬಹುದೇನೋ ಎಂದು ನನ್ನ ತಲೆಗೆ ಹುಳ ಹೊಕ್ಕಿತು. ಡಾಕ್ಟರು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ನಾನು ಹೂಂ ಎಂದೇ ಇಟ್ಟುಕೊಂಡೆ.

ಹಳೆಯ ರೇಸ್ ಉಡುಪನ್ನು ಅಟ್ಟದಿಂದ ಇಳಿಸಿದೆ. ಅದು ಚಿಕ್ಕದಾಗಿತ್ತು ಎನ್ನೋಣ, ನಾನು ದೊಡ್ಡವಳಾಗಿದ್ದೆ ಎನ್ನುವುದು ಬೇಡ. ಎದುರುಮನೆಯ ಟೈಲರ್ ಎರಡೂ ಪಕ್ಕ ಬಿಚ್ಚಿ ಕಪ್ಪು ಬಟ್ಟೆಯ ಪಟ್ಟಿ ಕೂಡಿಸಿಕೊಟ್ಟ. ಹೊಸದು ಕೊಳ್ಳಬಹುದಿತ್ತಲ್ಲ ಎಂದ. ಹಳೆಯದೇ ಬೇಕು, ಅವರಿಗೆ ಗುರುತಿರುವುದು ಈ ಹಳದಿ ಬಣ್ಣ ಎಂದೆ. ಅವನು ರೇಸಿನ ದಿನ ಅಂಗಡಿ ಮುಚ್ಚಿ ಭಾವನನ್ನು ಕರೆದುಕೊಂಡು ಬರುವ ಹೊಣೆಯನ್ನೂ ತಾನೇ ಹೊತ್ತ. ನಾನು ಬೆಳಗಿನ ಹೊತ್ತು ಈಜಿ, ಸಂಜೆ ಸೈಕಲ್ ತುಳಿದು, ನಡುವೆ ಹಲ್ಲಿನ ಸೆಟ್ಟು ತಿದ್ದುತ್ತ ತಿಂಗಳುಗಳನ್ನು ಕಳೆದೆ. ಒಂದು ದಿನ ತೂಕಡಿಕೆಯಲ್ಲಿ ಒಬ್ಬರ ಕೋರೆಹಲ್ಲನ್ನು ಮುಂಭಾಗಕ್ಕೆ ಕೂರಿಸಿ ದಂತವೈದ್ಯರ ಕೈಲಿ ಮಂಗಳಾರತಿ ಮಾಡಿಸಿಕೊಂಡೆ.

ರೇಸಿನ ದಿನ ನೀರಿಗಿಳಿದೆ. ಸುತ್ತ ನನಗೆ ಮಕ್ಕಳಾಗುವ ವಯಸ್ಸಿನವರು. ಸೀಟಿ ಊದಿದ್ದೇ ತಡ, ಯಾರದೋ ಹಿಮ್ಮಡಿ ನನ್ನ ಈಜುಗನ್ನಡಕಕ್ಕೆ, ಯಾರದೋ ಮೊಣಕೈ ನನ್ನ ಕಿವಿಗೆ. ನಿಜ ಹೇಳಲಾ? ಆ ಒದೆ ಬಿದ್ದ ಮೇಲೆಯೇ ನನಗೆ ನನ್ನ ಮನೆಗೆ ಬಂದ ಹಾಗಾಯಿತು. ನಗು ಬಂದು ಒಂದು ಗುಟುಕು ಕೆರೆಯ ನೀರನ್ನೂ ಕುಡಿದೆ.

ಸೈಕಲ್‌ನಲ್ಲಿ ಎಲ್ಲರೂ ನನ್ನನ್ನು ದಾಟಿಹೋದರು. ಕೆಲವರು 'ಹಾಗೇ ಬನ್ನಿ ಆಂಟಿ' ಎಂದು ಹುರಿದುಂಬಿಸಿದರು. ಆಂಟಿ ಎಂದವರ ನಂಬರು ನೋಡಿಟ್ಟುಕೊಂಡಿದ್ದೇನೆ.

ಇನ್ನು ನನ್ನ ಘನಕಾರ್ಯ ಕೇಳು. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಬೇಕು, ತಪ್ಪಿದರೆ ರೇಸಿನಿಂದಲೇ ಹೊರಗೆ. ಹಳೆಯ ನಿಯಮ, ಮರೆತುಬಿಡುತ್ತೇನೆಂದು ಮನೆಯ ಹಜಾರದಲ್ಲಿ ದಿನಾ ಅಭ್ಯಾಸ ಮಾಡಿದ್ದೆ. ಹಾಕುವುದನ್ನು ಅಷ್ಟು ಚೆನ್ನಾಗಿ ಕಲಿತವಳು ತೆಗೆಯುವುದನ್ನು ಮರೆತೆ. ಸೈಕಲ್ ನಿಲ್ಲಿಸಿ, ಶೂ ಬದಲಿಸಿ, ಹೆಲ್ಮೆಟ್ ತಲೆಯ ಮೇಲಿಟ್ಟುಕೊಂಡೇ ಓಟ ಶುರುಮಾಡಿದೆ, ಬೆಪ್ಪುತಕ್ಕಡಿ. ಇವತ್ತು ಯಾಕೋ ತಲೆ ಭಾರ, ಬಿಸಿಲು ಜೋರು ಎಂದುಕೊಂಡೇ ಓಡಿದೆ.

ಎಲ್ಲರ ಕೊನೆಗೆ ಬರುವವರ ಹಿಂದೆ ಒಂದು ಕಾರು ಬರುತ್ತದೆ. ಸಾಕಾದವರನ್ನು ಹತ್ತಿಸಿಕೊಳ್ಳುವುದು ಅದರ ಕೆಲಸ. ಅರ್ಧ ದಾರಿಯಿಂದ ಆ ಕಾರಿಗೆ ನಾನೇ ಧಣಿ. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಒಳಗೆ ತಣ್ಣಗಿದೆ, ಬರುತ್ತೀರಾ ಎಂದು ಆಸೆ ತೋರಿಸಿದ. ಮುಂದೆ ನನ್ನ ಗಂಡ ಕಾಯುತ್ತಿದ್ದಾರೆ, ಕಾರಿನಲ್ಲಿ ಹೋಗಿ ಇಳಿದರೆ ಅವರಿಗೆ ಗುರುತು ಸಿಗುವುದಿಲ್ಲ ಎಂದೆ. ಏನರ್ಥವಾಯಿತೋ, ಹಾಡು ಜೋರು ಮಾಡಿ ನನ್ನ ಹೆಜ್ಜೆಗೆ ಸರಿಯಾಗಿ ಕಾರು ಬಿಟ್ಟ.

ಕೊನೆಯ ತಿರುವಿನಲ್ಲಿ ಕಾಲು ನನ್ನದಲ್ಲ ಎನ್ನುವ ಹಾಗಾಗಿತ್ತು. ಆದರೂ ಓಡಿದೆ ಗುಬ್ಬಿ, ನಡೆಯಲಿಲ್ಲ. ಗೆರೆಯ ಬಳಿ ಟೈಲರ್ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಪಕ್ಕದಲ್ಲಿ ನಿನ್ನ ಭಾವ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟವೆಲ್, ಜೋರಾಗಿ ಚಪ್ಪಾಳೆ. ನಾನು ಗೆರೆ ದಾಟಿದೆ. ಟೈಲರ್ ನನ್ನ ತಲೆಯ ಕಡೆ ಬೊಟ್ಟುಮಾಡಿ ತೋರಿಸಿದ ಮೇಲೆಯೇ ಹೆಲ್ಮೆಟ್ ಗೊತ್ತಾಗಿದ್ದು. ಮೊದಲೇ ಹೇಳಬಾರದಿತ್ತೇ ಎಂದು ಕಾರಿನವನನ್ನು ತರಾಟೆಗೆ ತೆಗೆದುಕೊಂಡರೆ, "ಬಿದ್ರೆ ಇರ್ಲಿ ಅಂತ ಹಾಕ್ಕೊಂಡಿದೀರಿ ಅಂದ್ಕೊಂಡೆ" ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಿನ್ನ ಭಾವನೂ ನಕ್ಕರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತು.

ಈಗ ಮುಂದಿನ ರೇಸಿಗೂ ಹೆಸರು ಕೊಟ್ಟಿದ್ದೇನೆ, ಬೈಯಬೇಡ. ಆ ಕೆರೆಯಲ್ಲಿರುವಷ್ಟು ಹೊತ್ತು ನಾನು ಯಾರ ಮೇಡಮ್ಮೂ ಅಲ್ಲ. ನೀನು ಆರೋಗ್ಯ ನೋಡಿಕೋ, ಮೊಣಕೈಗೆ ಬಿಸಿನೀರಿನ ಶಾಖ ಕೊಡು. ನಿನ್ನ ಮನೆಯಲ್ಲಿ ಎಲ್ಲರೂ ನಗುನಗುತ್ತ ಚೆನ್ನಾಗಿರಲಿ ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ನೀನು ಪತ್ರವನ್ನು ತಿರುಗಿಸಿ ತಿರುಗಿಸಿ ಹುಡುಕುತ್ತೀಯ, ನನಗೆ ಗೊತ್ತು. ಗುರುತು ಸಿಕ್ಕಿತೇ ಎಂದು. ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು ಅವರ ಎದುರಿಗೆ ಹೋಗಿ ನಿಂತೆ. ಟವೆಲ್‌ಗೆ ಕೈಚಾಚಿದೆ. ಅವರು ಅದನ್ನು ಮೆಲ್ಲಗೆ ಎದೆಗೊತ್ತಿಕೊಂಡರು. "ಚೆನ್ನಾಗಿ ಓಡಿದ್ರಿ ಮೇಡಂ. ಸ್ವಲ್ಪ ಈ ಕಡೆ ನಿಂತ್ಕೊಳ್ತೀರಾ? ನನ್ನ ಹೆಂಡತಿ ಬರೋದು ಕಾಣಲ್ಲ" ಎಂದರು.

ನಾನು ಪಕ್ಕಕ್ಕೆ ಸರಿದು ನಿಂತೆ. ನನ್ನ ಹಿಂದೆ ಯಾರೂ ಉಳಿದಿರಲಿಲ್ಲ, ರಸ್ತೆ ಖಾಲಿ, ಹುಡುಗರು ದಾರಿಯ ಪಕ್ಕ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದರು. ಅವರು ಕಣ್ಣು ಕಿರಿದು ಮಾಡಿಕೊಂಡು ತಿರುವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಬರ್ತಾಳೆ ಅಲ್ವಾ?" ಎಂದು ನನ್ನನ್ನೇ ಕೇಳಿದರು.

ಬರ್ತಾರೆ ಎಂದೆ. ಇಬ್ಬರೂ ಕಾದೆವು.